ಊರ ಉಪ್ಪಿನಲ್ಲಿ ಅರ್ಧ

ನಮ್ಮೂರಲ್ಲಿ ಯಾರೂ ಅಡುಗೆಗೆ ಕೈಯಿಂದ ಉಪ್ಪು ಹಾಕುವುದಿಲ್ಲ. ಹಾಕಿದರೂ ಹತ್ತುವುದಿಲ್ಲ, ಮುಷ್ಟಿಗಟ್ಟಲೆ ಸುರಿದರೂ ಸಾರು ತನಗೇನೂ ಸಂಬಂಧವಿಲ್ಲ ಎಂಬಂತೆ ಕುದಿಯುತ್ತಿರುತ್ತದೆ. ಉಪ್ಪು ಎಷ್ಟಿರಬೇಕೆಂಬುದು ಚಾವಡಿಯ ಕಂಪ್ಯೂಟರಿನಲ್ಲಿ ಬರೆದಿದೆ. ಎಲ್ಲಕ್ಕಿಂತ ಮೇಲೆ, ಎಡ ಅಂಚಿಗೆ ಅಂಟಿಕೊಂಡು, ಉಪ್ಪು = 6 ಎಂಬ ಸಾಲು. ಅದು ಊರಿನ ಸಾಲು. ಅದರ ಕೆಳಗೆ ಒಂದೊಂದಾಗಿ ಮನೆಗಳ ಹೆಸರು, ಪ್ರತಿ ಹೆಸರಿನ ಕೆಳಗೆ ನಾಲ್ಕು ಅಕ್ಷರದಷ್ಟು ಒಳಕ್ಕೆ ಸರಿದು ಆ ಮನೆಯ ಸಾಲುಗಳು. ಯಾವ ಮನೆಯಲ್ಲಿ ಒಲೆ ಹಚ್ಚಿದರೂ ಆ ಮನೆಯ ಸಾಲುಗಳನ್ನು ಯಂತ್ರ ಮೇಲಿನಿಂದ ಕೆಳಕ್ಕೆ ಒಂದು ಸಲ ಓದುತ್ತದೆ, ಅಡುಗೆ ಅದರಂತೆ ಆಗುತ್ತದೆ. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಸಾಲು: ಅಡುಗೆ(ಉಪ್ಪು). ಮನೆಯೊಳಗೆ ಉಪ್ಪು ಎಂಬ ಹೆಸರಿಗೆ ಬೇರೆ ಬೆಲೆ ಇಲ್ಲದಿದ್ದರೆ ಯಂತ್ರ ಹೊಸ್ತಿಲು ದಾಟಿ ಹೊರಗೆ ಬಂದು ಊರಿನದನ್ನು ನೋಡಿಕೊಂಡು ಒಳಗೆ ಹೋಗುತ್ತದೆ. ಈ ಬರವಣಿಗೆಯ ಭಾಷೆಗೆ ಪೈಥಾನ್ ಎನ್ನುತ್ತಾರೆ. ಪೈಥಾನ್ ಎಂದರೆ ಹೆಬ್ಬಾವು ಎಂದು ಯಾರೋ ಹೇಳಿದ ದಿನದಿಂದ ನಮ್ಮ ಎದುರು ಮನೆಯ ತುಂಗವ್ವ ಚಾವಡಿಗೆ ಬಂದಾಗಲೆಲ್ಲ ಬೆಂಚಿನ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡೇ ಕೂರುತ್ತಾಳೆ.

ಆ ಯಂತ್ರವನ್ನು ನೋಡಿಕೊಳ್ಳುವವರು ಗುರುಪಾದಪ್ಪ ಮಾಸ್ತರರು. ಚಾವಡಿ ಗುಡಿಸಿ, ನೀರು ತುಂಬಿಟ್ಟು, ಯಂತ್ರದ ಧೂಳು ಒರೆಸುವವಳು ನಾನು. ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಹಾಜರಿ ಕೂಗುವಾಗ ‘ಎಸ್ ಸರ್’ ಎನ್ನಲು ನನಗೆ ದನಿ ಬರುತ್ತಿರಲಿಲ್ಲ. ವರ್ಷವಿಡೀ ಎರಡನೆಯ ಬೆಂಚಿನಲ್ಲಿ ಕೂತುಕೊಂಡೇ ಗೈರುಹಾಜರಾದೆ. ಹೇಗೂ ಗೈರುಹಾಜರಿಯೇ ಅಂದ ಮೇಲೆ ಅಷ್ಟು ದೂರ ನಡೆದು ಹೋಗುವುದು ಯಾಕೆ ಎನ್ನಿಸಿ ಬಿಟ್ಟುಬಿಟ್ಟೆ. ಗುಡಿಸುವವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಅದು ನನಗೆ ಹಿಡಿಸಿತು. ಪರದೆ ಒರೆಸುವಾಗ ನಿಧಾನವಾಗಿ ಒರೆಸುತ್ತಿದ್ದೆ. ನಾಲ್ಕು ವರ್ಷ ಹಾಗೆ ಒರೆಸಿದರೆ ಯಾರಿಗಾದರೂ ಅಷ್ಟಿಷ್ಟು ಓದಲು ಬರುತ್ತದೆ.

ಊರಲ್ಲಿ ಯಾರಾದರೂ ತೀರಿಕೊಂಡರೆ ಮಾಸ್ತರರು ಆ ದಿನದ ಮಟ್ಟಿಗೆ ಊರಿನ ಉಪ್ಪನ್ನು ಸೊನ್ನೆ ಮಾಡುತ್ತಾರೆ. ಡಂಗುರ ಸಾರಬೇಕಾಗಿಲ್ಲ. ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಎಲ್ಲರೂ ಕೈ ತೊಳೆದುಕೊಂಡು ಹೊರಗೆ ಬಂದು ಯಾರು ಹೋದರು ಎಂದು ಕೇಳುತ್ತಾರೆ. ಒಂದು ಕಾಲದಲ್ಲಿ ಕೆಳಗಿನ ಓಣಿಯ ಒಂದು ಮನೆಯವರು ತಮ್ಮ ಪುಟದಲ್ಲಿ, ಅಂದರೆ ತಮ್ಮ ಹೆಸರಿನ ಕೆಳಗಿನ ಸಾಲುಗಳಲ್ಲಿ, ಉಪ್ಪು = 7 ಎಂದು ಬರೆಸಿಕೊಂಡಿದ್ದರು. ಯಂತ್ರ ಅವರ ಮನೆಯ ಏಳನ್ನೇ ಓದುತ್ತಿತ್ತು, ಹೊಸ್ತಿಲು ದಾಟುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಹೆಣ ಇದ್ದ ದಿನ ಅವರು ಚಪ್ಪರಿಸಿಕೊಂಡು ಉಂಡರು. ಅಂದಿನಿಂದ ಯಾವ ಮನೆಯೂ ಉಪ್ಪಿಗೆ ತನ್ನದೇ ಅಂಕಿ ಬರೆಸಬಾರದೆಂದು ಊರು ಕಟ್ಟು ಮಾಡಿತು. ಆ ಮನೆಯವರನ್ನು ಈಗಲೂ ‘ಏಳರವರು’ ಎಂದೇ ಕರೆಯುತ್ತಾರೆ. ಅವರ ಮನೆಗೆ ಹೆಣ್ಣು ಕೊಡುವವರು ಒಂದು ಸಲ ಯೋಚಿಸುತ್ತಾರೆ.

ನನ್ನ ಅಣ್ಣ ಮಲ್ಲೇಶಿಯ ಹೆಂಡತಿ ಚಂಪಾವತಿ ವೈನಿ ನದಿಯಾಚೆಯವಳು. ಅಲ್ಲಿ ಇನ್ನೂ ಕೈಯಿಂದಲೇ ಉಪ್ಪು ಹಾಕುತ್ತಾರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕುದಿಯುವ ಸಾರಿನ ಮುಂದೆ ನಿಂತು ಬಲಗೈಯ ಮೂರು ಬೆರಳು ಸೇರಿಸಿ ಗಾಳಿಯಲ್ಲಿ ಉಜ್ಜುತ್ತಿದ್ದಳು, ಏನೋ ಮರೆತವಳಂತೆ. ಈಗ ಅವಳಿಗೆ ಏಳು ತಿಂಗಳು. ಒಂದು ದಿನ ನರ್ಸಬಾಯಿ ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ, ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒತ್ತಿದಲ್ಲಿ ಕುಳಿ ಹಾಗೇ ಉಳಿಯಿತು.

“ಬಿಪಿ ಏರೈತ್ರಿ ನೀಲವ್ವಾರ,” ಎಂದಳು ನನ್ನ ಅವ್ವನಿಗೆ. “ಉಪ್ಪು ಅರ್ಧಕ್ಕ ಇಳಿಸ್ರಿ. ಬಂಡಿ ಗಿಂಡಿ ಹತ್ತಿಸಬ್ಯಾಡ್ರಿ. ಇಲ್ಲಾಂದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ.”

ಅವ್ವ ಆ ಮಧ್ಯಾಹ್ನವೇ ಚಾವಡಿಗೆ ಬಂದಳು. ನಾನು ಕಿಟಕಿಯ ಸರಳು ಒರೆಸುತ್ತಿದ್ದೆ.

“ಮಾಸ್ತರ, ನಮ್ಮ ಮನಿಗೆ ಊರ ಉಪ್ಪಿನ್ಯಾಗ ಅರ್ಧ ಬರದ ಕೊಡ್ರಿ.”

“ಅಂಕಿ ಬರಿಯಾಕ ಬರಂಗಿಲ್ಲ ನೀಲವ್ವ. ಊರ ಕಟ್ಟು ಐತಿ.”

“ಅಂಕಿ ಯಾರ ಕೇಳ್ಯಾರ? ಏಳರವರ ಹೆಸರು ನಮಗ್ಯಾಕ? ಊರು ಏರಿದ್ರ ನಾವೂ ಏರೋದು, ಊರು ಇಳದ್ರ ನಾವೂ ಇಳಿಯೋದು. ಆದ್ರ ಅರ್ಧ. ಇದಕ್ಕೇನರ ಕಟ್ಟು ಐತೇನ?”

ಮಾಸ್ತರರು ತಲೆ ಕೆರೆದುಕೊಂಡು, ಇಲ್ಲ ಎಂದು ಒಪ್ಪಿಕೊಂಡು, ನಮ್ಮ ಮನೆಯ ಹೆಸರಿನ ಕೆಳಗೆ ಒಂದು ಹೊಸ ಸಾಲು ಬರೆದರು. ಉಪ್ಪು = ಉಪ್ಪು / 2. ಅದರ ಕೆಳಗೆ ಹಳೆಯ ಅಡುಗೆ(ಉಪ್ಪು) ಹಾಗೇ ಇತ್ತು. ಬರೆದು, ತಾವೇ ಓದಿ, ತಾವೇ ತಲೆದೂಗಿದರು.

ನನ್ನ ಕೈ ಸರಳಿನ ಮೇಲೆ ನಿಂತಿತು. ನಾನು ನೋಡಿ ತಿಳಿದುಕೊಂಡಿದ್ದು ಇಷ್ಟು: ಮನೆಯೊಳಗೆ ಒಂದು ಹೆಸರು ಸಮ ಗುರುತಿನ ಎಡಗಡೆ ನಿಂತಿತೆಂದರೆ ಆ ಹೆಸರು ಪೂರ್ತಿ ಆ ಮನೆಯದಾಗುತ್ತದೆ. ಆಮೇಲೆ ಯಂತ್ರ ಆ ಹೆಸರನ್ನು ಹುಡುಕಿಕೊಂಡು ಹೊಸ್ತಿಲು ದಾಟುವುದಿಲ್ಲ. ಹಾಗಾದರೆ ಬಲಗಡೆ ಅರ್ಧ ಮಾಡಬೇಕಾದ ಉಪ್ಪೂ ಮನೆಯದೇ ಆಯಿತು. ಮನೆಯಲ್ಲಿ ಇನ್ನೂ ಉಪ್ಪೇ ಇಲ್ಲ. ಇಲ್ಲದ್ದನ್ನು ಅರ್ಧ ಮಾಡುವುದು ಹೇಗೆ?

“ಮಾಸ್ತರ,” ಎಂದೆ. ಎಂದೆ ಅಂತ ನನಗೆ ಅನ್ನಿಸಿತು. ಹೊರಗೆ ಬಂದದ್ದು ಉಸಿರು ಮಾತ್ರ.

ಮಾಸ್ತರರು ತಿರುಗಿ ನೋಡಿದರು. “ಆ ಮೂಲ್ಯಾಗ ಜಾಡ ಕಟ್ಟೈತಿ ನೋಡವ್ವ.”

ನಾನು ಹೋಗಿ ಜೇಡರ ಬಲೆ ತೆಗೆದೆ.

ಸಂಜೆ ನಮ್ಮ ಮನೆಯ ಒಲೆ ಹತ್ತಲಿಲ್ಲ. ವೈನಿ ಕಡ್ಡಿ ಗೀರಿದಳು, ಆರಿತು. ಅಣ್ಣ ಗೀರಿದ, ಆರಿತು. ಅವ್ವ ಇಬ್ಬರನ್ನೂ ಸರಿಸಿ, ಒಲೆ ಹಚ್ಚುವುದೂ ಒಂದು ವಿದ್ಯೆ ಎಂಬಂತೆ ಸೆರಗು ಬಿಗಿದುಕೊಂಡು ಕೂತು, ಒಂದು ಪೆಟ್ಟಿಗೆ ಕಡ್ಡಿ ಖಾಲಿ ಮಾಡಿದಳು. ಆಮೇಲೆ ವೈನಿಯ ಕಡೆ ನೋಡದೆ ಹೇಳಿದಳು, “ಅಕಿ ಬಂದಾಗಿಂದ ಒಲಿ ಸುದ್ದಾ ಮಾತು ಕೇಳವಲ್ದು.”

ವೈನಿ ನೆಲದ ಮೇಲಿನ ಸುಟ್ಟ ಕಡ್ಡಿಗಳನ್ನು ಆಯ್ದುಕೊಂಡಳು. ಎದುರು ಮನೆಯಿಂದ ತುಂಗವ್ವ ಕಟ್ಟೆಯ ಮೇಲೆ ನಿಂತು ಕೂಗಿದಳು, “ಏನ ನೀಲವ್ವ, ಹೊಗಿನ ಕಾಣವಲ್ದು! ಮನಿ ಮಂದಿಯೆಲ್ಲ ಉಪಾಸೇನ?” ಕೂಗಿದ ಮೇಲೆ ಅವಳೇ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ತುಂಗವ್ವನ ಬಾಯಿ ಎಷ್ಟು ಕೆಟ್ಟದೋ ಕೈ ಅಷ್ಟು ಒಳ್ಳೆಯದು. ಆದರೆ ಪಲ್ಯದಲ್ಲಿ ಊರಿನ ಆರು ಇತ್ತು. ವೈನಿ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿಕೊಂಡು ತಿಂದಳು.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಪರದೆಯ ಮೇಲೆ ಕೆಂಪು ಸಾಲುಗಳು ತುಂಬಿದ್ದವು, ಪ್ರತಿ ಕಡ್ಡಿಗೆ ಒಂದರಂತೆ. ಮಾಸ್ತರರು ಕನ್ನಡಕ ಏರಿಸಿ ಓದಿದರು. ಬೆಲೆ ಕೊಡುವ ಮೊದಲೇ ಈ ಹೆಸರನ್ನು ಕೇಳಿದ್ದೀರಿ ಎಂದಿತ್ತು. ಅವ್ವ, ಅಣ್ಣ ಇಬ್ಬರೂ ಬಂದು ನಿಂತಿದ್ದರು.

“ತಿಳೀತು ಬಿಡು,” ಎಂದರು ಮಾಸ್ತರರು. “ನಿಮ್ಮ ಮನಿಗೆ ಊರ ಉಪ್ಪು ಕಾಣಸವಲ್ದು. ಕಾಣುವಂಗ ಮಾಡ್ತೀನಿ.” ನಮ್ಮ ಮನೆಯ ಸಾಲುಗಳಲ್ಲಿ ಎಲ್ಲಕ್ಕಿಂತ ಮೊದಲು ‘ಗ್ಲೋಬಲ್ ಉಪ್ಪು’ ಎಂದು ಬರೆದರು. “ಗ್ಲೋಬಲ್ ಅಂದ್ರ ಏನಪಾ ಅಂದ್ರ, ಈ ಮನ್ಯಾಗ ನಾ ಉಪ್ಪು ಅಂದಿದ್ದೆಲ್ಲ ಊರಿಂದು ಅಂತ ಹೊಸ್ತಿಲದಾಗ ನಿಂತು ಕೂಗಿ ಹೇಳಿದಂಗ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ತೊಂದರೆ. ಆದರೆ ಅಷ್ಟು ಜನರ ಮುಂದೆ ನಾನು ಮತ್ತೆ ಜೇಡರ ಬಲೆ ಹುಡುಕಿದೆ.

ಒಲೆ ಹತ್ತಿತು. ಮಧ್ಯಾಹ್ನದ ಊಟ ಹಿತವಾಗಿ, ಮಂದವಾಗಿ ಇತ್ತು. ವೈನಿ ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿದಳು. ಮಾಸ್ತರರು ಚಾವಡಿಯ ಕಟ್ಟೆಯ ಮೇಲೆ ಎದೆ ಉಬ್ಬಿಸಿ ಕೂತರು. ಅದೇ ಹೊತ್ತಿಗೆ ಊರಿನ ಎಲ್ಲ ಮನೆಗಳಲ್ಲೂ ಗಂಡಂದಿರು ತಾಟು ಸರಿಸಿ, ಯಾಕೋ ಇವತ್ತು ಸಪ್ಪೆ ಎನ್ನುತ್ತಿದ್ದರು. ಹೆಂಡತಿಯರು, ನಿಮ್ಮ ನಾಲಿಗೆಯೇ ಸಪ್ಪೆ ಎನ್ನುತ್ತಿದ್ದರು. ನಮ್ಮ ಒಲೆ ಹಚ್ಚಿದಾಗ ಅರ್ಧವಾದದ್ದು ಊರಿನ ಉಪ್ಪೇ ಆಗಿತ್ತು. ಆರು ಮೂರಾಯಿತು. ಸಂಜೆ ಮತ್ತೆ ಹಚ್ಚಿದೆವು, ಒಂದೂವರೆ ಆಯಿತು. ಬೆಳಿಗ್ಗೆ ಚಹಾಕ್ಕೆ ಹಚ್ಚಿದೆವು. ಚಹಾಕ್ಕೆ ಉಪ್ಪು ಬೇಡ ನಿಜ, ಆದರೆ ಒಲೆಗೆ ಅದೆಲ್ಲ ಗೊತ್ತಿಲ್ಲ, ಮುಕ್ಕಾಲಾಯಿತು. ಅವ್ವ ಬೆಳಗಿನ ಉಪ್ಪಿಟ್ಟು ತಿಂದು, “ಅರ್ಧ ಅಂದ್ರ ಇಷ್ಟು ಸಪ್ಪಗಿರತೈತೇನ?” ಎಂದಳು. ಸೊಸೆಗಾಗಿ ಎಂದು ಸುಮ್ಮನಾದಳು.

ಊರು ಸುಮ್ಮನಾಗಲಿಲ್ಲ. ಆ ಮಧ್ಯಾಹ್ನದ ಹೊತ್ತಿಗೆ ಉಪ್ಪು ಎಷ್ಟು ಇಳಿದಿತ್ತೆಂದರೆ ಎಲ್ಲರೂ ಮೊದಲ ತುತ್ತಿಗೇ ಕೈ ತೊಳೆದುಕೊಂಡು ಬೀದಿಗೆ ಬಂದರು. ಯಾರು ಹೋದರು? ಯಾರಿಗೂ ಗೊತ್ತಿಲ್ಲ. ಇನ್ನೂ ಗೊತ್ತಾಗಿಲ್ಲ ಅಂದರೆ ಒಬ್ಬರೇ ಇರುವವರು ಇರಬೇಕು, ವಯಸ್ಸಾದವರಿರಬೇಕು ಎಂದು ಲೆಕ್ಕ ಹಾಕಿ ಎಲ್ಲರೂ ಒಂದೇ ಮನೆಯ ಕಡೆ ನಡೆದರು. ಊರಿಗೇ ಹಿರಿಯ ಫಕ್ಕೀರಪ್ಪಜ್ಜನ ಮನೆ. ತುಂಗವ್ವ ಎಲ್ಲರಿಗಿಂತ ಮುಂದೆ ಇದ್ದಳು, ಸೆರಗಿನ ಕೆಳಗೆ ಹಾರ ಮುಚ್ಚಿಕೊಂಡು. ಅಜ್ಜ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಅಜ್ಜಾರ,” ಎಂದಳು ತುಂಗವ್ವ ಮೆಲ್ಲಗೆ. “ಹೆಂಗದೀರಿ?”

“ನಿನ್ನಿಗಿಂತ ಚಲೋ ಅದೀನಿ. ಯಾಕ?”

“ಏನಿಲ್ರಿ, ಹಿಂಗ ಸುಮ್ಮ.”

ಅಷ್ಟರಲ್ಲಿ ಹಿಂದಿನಿಂದ ಭಜನೆಯವರು ತಾಳ ಹಿಡಿದುಕೊಂಡು ಬಂದರು. ಅಜ್ಜ ತಾಳ ನೋಡಿದರು, ತುಂಗವ್ವನ ಸೆರಗಿನಿಂದ ಇಣುಕುತ್ತಿದ್ದ ಚೆಂಡುಹೂ ನೋಡಿದರು, ಮುಂಜಾನೆಯಿಂದ ಊಟ ಸಪ್ಪೆಯಾಗಿದ್ದು ನೆನಪು ಮಾಡಿಕೊಂಡರು. “ನಂಗ ತಂದೀರೇನ ಇದನ್ನ?” ತುಂಗವ್ವ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. “ಹಾಕ್ರಿ ಮತ್ತ. ತಂದಿದ್ದು ಬಾಡ್ಯಾವು. ಆಮ್ಯಾಲ ಹಾಕಿದ್ರ ನನಗೇನ ವಾಸನಿ ಬರತೈತಿ?” ಕತ್ತು ಬಗ್ಗಿಸಿದರು. ಸಂಜೆಯವರೆಗೂ ಹಾರ ಹಾಕಿಕೊಂಡೇ ಊರೆಲ್ಲ ತಿರುಗಿದರು, ತಾವು ಹೋಗಿಲ್ಲವೆಂದು ಎಲ್ಲರಿಗೂ ತೋರಿಸಲಿಕ್ಕೆ.

ಮಾಸ್ತರರು ಚಾವಡಿಗೆ ಓಡಿ ಬಂದು ಪರದೆ ನೋಡಿದರು. ಮೇಲಿನ ಸಾಲಿನಲ್ಲಿ ಉಪ್ಪು = 6 ಎಂದೇ ಇತ್ತು. ಬರೆದದ್ದು ಆರು, ಬಾಯಲ್ಲಿ ಸೊನ್ನೆ. ಅವರು ಒಂದು ಗಂಟೆ ಅದನ್ನೇ ನೋಡಿದರು. ಅದು ಶುರುವಾಗುವಾಗಿನ ಬೆಲೆ. ಆಮೇಲೆ ಯಾರು ಮುಟ್ಟಿದರು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಈಗಿನ ಬೆಲೆ ಬೇಕಾದರೆ ಕೆಳಗೆ ಉಪ್ಪು ಎಂದು ಒತ್ತಿ ಕೇಳಬೇಕು. ನಾನು ಬರಿಗೈಯಿಂದ ಕೀಲಿಮಣೆಯ ಕಡೆ ತೋರಿಸಿದೆ. “ಹೌದವ್ವ, ಅಲ್ಲೂ ಧೂಳೈತಿ, ಒರಸು,” ಎಂದರು. ಕೊನೆಗೆ ಬೇಸತ್ತು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ಮೇಲಿನ ಸಾಲನ್ನು ಅದು ಮತ್ತೆ ಮೊದಲಿನಿಂದ ಓದಿ ಉಪ್ಪು ಆರಕ್ಕೆ ಬಂತು. ನಮ್ಮ ಒಲೆ ಹತ್ತುವವರೆಗೆ.

ನನ್ನಷ್ಟೇ ನೋಡುವ ಕಣ್ಣು ಊರಲ್ಲಿ ಇನ್ನೊಂದು ಇತ್ತು, ತುಂಗವ್ವನದು. ಎದುರು ಮನೆಯ ಹೊಗೆ ಎದ್ದ ಕೂಡಲೇ ತನ್ನ ಸಾರು ಸಪ್ಪೆಯಾಗುತ್ತದೆ ಎಂದು ಅವಳು ಎರಡೇ ದಿನದಲ್ಲಿ ಕಂಡುಹಿಡಿದಳು. ಚಾವಡಿಗೆ ಬಂದು, ಕಾಲು ಮೇಲೆತ್ತಿ ಕೂತು, “ನೀಲವ್ವನ ಮನಿಗೆ ಹಾಕಿದ್ದು ಅದೇನದು ಗ್ಲೋಬಲ್ಲ, ನಮಗೂ ಹಾಕ್ರಿ. ಅಕಿ ಅರ್ಧ ಮಾಡಿದ್ರ ನಾ ದುಪ್ಪಟ್ಟ ಮಾಡ್ತೀನಿ. ಸರಿಗೆ ಸರಿ ಆಕ್ಕೈತಿ,” ಎಂದಳು. ಮಾಸ್ತರರಿಗೂ ಇದು ನ್ಯಾಯವಾಗಿ ಕಂಡಿತು. ತುಂಗವ್ವನ ಪುಟದಲ್ಲಿ ಗ್ಲೋಬಲ್ ಉಪ್ಪು, ಉಪ್ಪು = ಉಪ್ಪು * 2 ಎಂದು ಬರೆದುಕೊಟ್ಟು, ಯಂತ್ರವನ್ನು ಆರಿಸಿ ಹಚ್ಚಿ ಊರಿನ ಉಪ್ಪನ್ನು ಮತ್ತೆ ಆರಕ್ಕೆ ತಂದರು.

ಇಬ್ಬರೂ ಒಂದೊಂದು ಸಲ ಒಲೆ ಹಚ್ಚಿದ್ದರೆ ಸರಿಗೆ ಸರಿಯೇ ಆಗುತ್ತಿತ್ತು. ಆದರೆ ಅವತ್ತು ತುಂಗವ್ವನ ಮನೆಗೆ ಬೀಗರು ಬಂದರು. ಚಹಾಕ್ಕೆ ಒಮ್ಮೆ, ಮಂಡಕ್ಕಿ ಒಗ್ಗರಣೆಗೆ ಒಮ್ಮೆ, ಊಟಕ್ಕೆ ಒಮ್ಮೆ, ಹೊರಡುವಾಗ ಮತ್ತೆ ಚಹಾಕ್ಕೆ ಒಮ್ಮೆ. ಆರು ಹನ್ನೆರಡಾಗಿ, ಇಪ್ಪತ್ತನಾಲ್ಕಾಗಿ, ನಲವತ್ತೆಂಟಾಗಿ, ತೊಂಬತ್ತಾರಕ್ಕೆ ಏರಿತು. ಬೀಗರು ಒಂದು ಕೊಡ ನೀರು ಕುಡಿದು, ಊಟ ಬಹಳ ರುಚಿಯಾಗಿತ್ತು ಎಂದು ಸುಳ್ಳು ಹೇಳಿ ಓಡಿದರು. ಊರಿನ ಬಾವಿಯ ಹಗ್ಗ ಆ ದಿನ ಒಣಗಲಿಲ್ಲ. ನಮ್ಮ ಮನೆಯ ಒಲೆ ಹಚ್ಚಿದಾಗ ತೊಂಬತ್ತಾರರ ಅರ್ಧ ನಲವತ್ತೆಂಟು ಬಂತು. ವೈನಿ ಹಸಿವೆ ತಾಳದೆ ನಾಲ್ಕು ತುತ್ತು ತಿಂದಳು. ಮರುದಿನ ಅವಳ ಮುಖವೂ ಬಾತಿತ್ತು. ತಲೆ ಸಿಡಿಯುತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ನರ್ಸಬಾಯಿ ಪಟ್ಟಿ ಸುತ್ತಿ ನೋಡಿ, ಅವ್ವನ ಮೇಲೆ ರೇಗಿ, ಇನ್ನೊಂದು ವಾರ ಹೀಗಾದರೆ ನಾನು ಜವಾಬ್ದಾರಳಲ್ಲ ಎಂದು ಹೋದಳು.

ಅವತ್ತೇ ಊರು ಚಾವಡಿಯಲ್ಲಿ ಸೇರಿತು. ಮಾತು ಬಹಳ ಹೊತ್ತು ನಡೆಯಲಿಲ್ಲ. ಎರಡೂ ಮನೆಯ ಹೊಸ ಸಾಲುಗಳನ್ನು ಅಳಿಸುವುದು, ಎಲ್ಲರಿಗೂ ಮೊದಲಿನಂತೆ ಆರು. ಮಾಸ್ತರರು ತಲೆ ತಗ್ಗಿಸಿ ಒಪ್ಪಿದರು.

“ಮತ್ತ ನಮ್ಮ ಹುಡುಗಿ?” ಎಂದಳು ಅವ್ವ.

“ಅಕಿನ್ನ ತವರಿಗೆ ಕಳಸ್ರಿ,” ಎಂದ ಒಬ್ಬ. “ನದಿಯಾಚೆ ಕೈಲೆ ಹಾಕ್ತಾರಲ್ಲ. ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಲಿ.”

“ಬಂಡಿ ಹತ್ತಿಸಬಾರದಂತ ನರ್ಸಬಾಯಿ ಹೇಳ್ಯಾಳ.”

“ಹಂಗಾರ ಆರು ಉಣ್ಣಲಿ.”

ಯಾರೂ ಕೆಟ್ಟವರಾಗಿರಲಿಲ್ಲ. ಎರಡು ದಿನದಿಂದ ಬಾಯಿ ಸುಟ್ಟುಕೊಂಡಿದ್ದರು, ಅಷ್ಟೇ. ಅವ್ವ ಯಾರ ಮುಖ ನೋಡಬೇಕೋ ತಿಳಿಯದೆ ಅಜ್ಜನ ಮುಖ ನೋಡಿದಳು. ಅಜ್ಜ ನೆಲ ನೋಡಿದರು. ಕೊನೆಗೆ ಅವ್ವ ಅಣ್ಣನಿಗೆ ಬಂಡಿ ಕಟ್ಟು ಎಂದಳು. ಆರು ಉಣ್ಣಿಸಿ ಕಣ್ಣೆದುರು ನೋಡುವುದಕ್ಕಿಂತ ಅದೇ ವಾಸಿ ಎಂದು ಅವಳಿಗೆ ಕಂಡಿರಬೇಕು.

ನಾನು ಎಲ್ಲರಿಗೂ ನೀರು ಕೊಡುತ್ತಿದ್ದೆ. ಚಾವಡಿಯ ಬಾಗಿಲಿನಿಂದ ನಮ್ಮ ಮನೆ ಕಾಣುತ್ತದೆ. ಅಣ್ಣ ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಕೌದಿ ಹಾಸಿದ. ಟ್ರಂಕು ಇಟ್ಟ. ವೈನಿ ಹೊರಗೆ ಬಂದಳು. ಒಂದು ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಂಡಿಯ ಗೂಟ ಹಿಡಿದು, ಹತ್ತಲು ಕಾಲು ಎತ್ತಿದಳು. ಕಾಲು ಅಷ್ಟು ಎತ್ತರಕ್ಕೆ ಬರಲಿಲ್ಲ. ಮತ್ತೆ ಎತ್ತಿದಳು.

“ತಪ್ಪೈತ್ರಿ!” ಎಂದು ಯಾರೋ ಕಿರುಚಿದರು. ಎಲ್ಲರೂ ತಿರುಗಿ ನನ್ನ ಕಡೆ ನೋಡಿದಾಗ ಅದು ನಾನೇ ಎಂದು ಗೊತ್ತಾಯಿತು. ಬಳಸಿ ರೂಢಿಯಿಲ್ಲದ್ದಕ್ಕೆ ದನಿಯ ಅಳತೆ ಸಿಕ್ಕಿರಲಿಲ್ಲ.

“ಅಯ್ಯ ಶಿವನ!” ಎಂದಳು ತುಂಗವ್ವ. “ಸಾವಂತ್ರಿಗೆ ದನಿ ಐತಿ!”

“ಸುಮ್ನಿರ ತುಂಗಿ,” ಎಂದರು ಅಜ್ಜ. “ಏನ ತಪ್ಪೈತವ್ವ?”

ನಾನು ಚೊಂಬನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅದರೊಳಗಿನ ನೀರು ನೋಡಿಕೊಂಡು ಹೇಳಿದೆ. “ಗ್ಲೋಬಲ್ ಬ್ಯಾಡ್ರಿ. ಊರಿನ ಉಪ್ಪು ನೋಡಾಕ ಯಾರಿಗೂ ಅದು ಬೇಕಿಲ್ರಿ. ಬದಲ ಮಾಡಾಕ ಅಷ್ಟ ಬೇಕು.”

“ಅದ್ಹೆಂಗ?” ಎಂದರು ಮಾಸ್ತರರು. “ಗ್ಲೋಬಲ್ ಇಲ್ಲದಾಗ ನಿಮ್ಮ ಒಲಿನ ಹತ್ತಲಿಲ್ಲಲ್ಲ. ಊರ ಉಪ್ಪು ಕಾಣಸಲಿಲ್ಲಲ್ಲ.”

“ಉಳದವರ ಮನಿಗೆಲ್ಲ ಕಾಣಸ್ತೈತಲ್ರಿ ಮಾಸ್ತರ. ಅವರ ಪುಟದಾಗ ಗ್ಲೋಬಲ್ ಐತೇನ್ರಿ?”

ಮಾಸ್ತರರು ಕನ್ನಡಕ ಏರಿಸಿ ಪರದೆಯ ಕಡೆ ನೋಡಿದರು. ಒಂದೊಂದೇ ಮನೆಯ ಸಾಲುಗಳ ಮೇಲೆ ಬೆರಳು ಇಳಿಸಿದರು.

“ನಮ್ಮ ಮನ್ಯಾಗ ನೀವು ಉಪ್ಪು ಅನ್ನೂದನ್ನ ಸಮ ಗುರುತಿನ ಎಡಕ್ಕ ಇಟ್ರಿ. ಅವಾಗ ಆ ಹೆಸರು ನಮ್ಮದಾತು. ನಮ್ಮದಾದ ಮ್ಯಾಲ ಯಂತ್ರ ಅದನ್ನ ಮನ್ಯಾಗ ಹುಡುಕತೈತಿ, ಊರಾಗ ಹುಡುಕಂಗಿಲ್ಲ. ಮನ್ಯಾಗ ಇರಲಿಲ್ಲ, ಒಲಿ ಹತ್ತಲಿಲ್ಲ. ಆಮ್ಯಾಲ ಗ್ಲೋಬಲ್ ಅಂದ್ರಿ. ಅವಾಗ ಊರಿಂದನ್ನ ಅರ್ಧ ಮಾಡಿದಂಗಾತು.” ಉಸಿರು ಸಾಲದೆ ನಿಂತೆ. “ನಮಗ ಊರಿಂದು ಮುಟ್ಟೂದ ಬ್ಯಾಡ್ರಿ. ನೋಡಿ, ಅದರ ಅರ್ಧ ತಗೊಂಡು, ಬ್ಯಾರೆ ಹೆಸರಿನ ಡಬ್ಬ್ಯಾಗ ಇಟ್ಕೊಂಡ್ರ ಆತು. ಅಡಿಗಿಗೆ ಆ ಡಬ್ಬಿದು ಹಾಕೂದು.”

“ಬ್ಯಾರೆ ಹೆಸರ?” ಎಂದಳು ಅವ್ವ. “ಉಪ್ಪಿಗೆ ಉಪ್ಪ ಅನ್ನದ ಮತ್ತೇನಂತಾರ?”

“ನೀಲವ್ವನ ಹಟ ಅಂತ ಇಡ್ರಿ,” ಎಂದಳು ತುಂಗವ್ವ.

ಅಜ್ಜ ಕೈ ಎತ್ತಿದರು. ಹಾರದ ಒಂದು ಒಣಗಿದ ಹೂ ಇನ್ನೂ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತ್ತು. “ಒಂದ ಮಾತು ಕೇಳ್ತೀನಿ ತಂಗಿ. ನಾಳೆ ನಾ ಖರೇನ ಹೋದೆ ಅನಕೋ. ಊರ ಉಪ್ಪು ಸೊನ್ನಿ. ನೀಲವ್ವನ ಮನ್ಯಾಗ ಏನು? ಏಳರವರಂಗ ಚಪ್ಪರಿಸ್ತೀರೇನು?”

“ಸೊನ್ನಿ ಅರ್ಧ ಸೊನ್ನಿನ್ರಿ ಅಜ್ಜಾರ.”

ಅಜ್ಜ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕರು. “ಹಂಗಾರ ನಂದೇನ ಅಡ್ಡಿಯಿಲ್ಲ. ಮಾಸ್ತರ, ಕುರ್ಚಿ ಬಿಡ್ರಿ.”

ಮಾಸ್ತರರು ಎದ್ದರು. ಎದ್ದು ನಿಂತ ಮೇಲೆ ಒಂದೇ ಒಂದು ಮಾತು ಹೇಳಿದರು, “ಕೈ ಒರಸ್ಕೊಂಡು ಮುಟ್ಟು.” ನಾಲ್ಕು ವರ್ಷದಿಂದ ಆ ಕೀಲಿಗಳನ್ನು ಒರೆಸಿದವಳು ನಾನೇ ಎಂದು ನಾನು ಹೇಳಲಿಲ್ಲ. ಒಂದೇ ದಿನಕ್ಕೆ ಎಷ್ಟು ಮಾತಾಡುವುದು?

ಗ್ಲೋಬಲ್ ಸಾಲನ್ನು ಅಳಿಸಿದೆ. ಅದರ ಕೆಳಗಿನ ಎರಡೂ ಸಾಲುಗಳನ್ನು ಅಳಿಸಿದೆ. ಈಗ ಹೆಸರು ಬೇಕಾಗಿತ್ತು. ಹಿಂದೆ ಇಡೀ ಊರು ನಿಂತು ನನ್ನ ಕುತ್ತಿಗೆಯ ಮೇಲೆ ಉಸಿರು ಬಿಡುತ್ತಿತ್ತು. ನನಗೆ ಹೊಳೆದದ್ದು ಬಂಡಿಯ ಗೂಟ ಹಿಡಿದು ನಿಂತವಳ ಹೆಸರೊಂದೇ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಚಂಪಾವತಿ = ಉಪ್ಪು / 2. ಅದರ ಕೆಳಗೆ ಅಡುಗೆ(ಚಂಪಾವತಿ).

ಮಾಸ್ತರರು ಬಗ್ಗಿ ಓದಿದರು, ಮತ್ತೊಮ್ಮೆ ಓದಿದರು. “ಎಡಕ್ಕ ಅಕಿ, ಬಲಕ್ಕ ಊರು,” ಎಂದರು ತಮ್ಮಷ್ಟಕ್ಕೆ. ಆಮೇಲೆ ನಾನು ಕೇಳದಿದ್ದರೂ ತುಂಗವ್ವನ ದುಪ್ಪಟ್ಟಿನ ಸಾಲುಗಳನ್ನು ತಾವೇ ಅಳಿಸಿ, ಯಂತ್ರವನ್ನು ಆರಿಸಿ ಹಚ್ಚಿದರು.

“ನಂದ ಯಾಕ ಅಳಸ್ತೀರಿ?” ಎಂದಳು ತುಂಗವ್ವ. “ನನಗೂ ಒಂದು ಹೆಸರಿಟ್ಟು ದುಪ್ಪಟ್ಟ ಮಾಡಿಕೊಡ್ರಿ.”

“ಎದಕ್ಕ?”

“ಸುಮ್ನ. ಎದುರು ಮನ್ಯಾಗ ಐತಲ್ಲ.”

ಬಂಡಿಯ ಎತ್ತು ಇನ್ನೂ ನೊಗದಲ್ಲೇ ಇತ್ತು. ಉಂಡು ನೋಡಿದ ಮೇಲೆ ಬಿಚ್ಚೋಣ ಎಂದು ಅಜ್ಜ ಹೇಳಿದ್ದರು. ವೈನಿ ಬಂಡಿಯ ಪಕ್ಕದಿಂದ ಒಳಗೆ ಹೋಗಿ ಒಲೆ ಹಚ್ಚಿದಳು. ಒಂದೇ ಕಡ್ಡಿಗೆ ಹತ್ತಿತು. ಚಾವಡಿಯಲ್ಲಿ ಮಾಸ್ತರರು ಕೆಳಗೆ ಉಪ್ಪು ಎಂದು ಒತ್ತಿ ಕೇಳಿದರು. 6 ಎಂದಿತು. ಒಂದು ಗಳಿಗೆ ಬಿಟ್ಟು ಮತ್ತೆ ಕೇಳಿದರು. 6. ತುಂಗವ್ವನನ್ನು ಮನೆಗೆ ಓಡಿಸಿ ಅವಳ ಒಲೆಯನ್ನೂ ಹಚ್ಚಿಸಿ ಮತ್ತೆ ಕೇಳಿದರು. ಆರು ಅಲ್ಲಾಡಲಿಲ್ಲ. ಇನ್ನೂ ನಾಲ್ಕು ಸಲ ಕೇಳಿದರು, ಅದು ಬೇಕಿರಲಿಲ್ಲ.

ತುಂಗವ್ವ ತನ್ನ ಮನೆಯ ಸಾರನ್ನು ಒಂದು ಬಟ್ಟಲಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿ ಒಂದು ಬೆರಳು ಅದ್ದಿ ನೆಕ್ಕಿದಳು, ನಮ್ಮ ಸಾರಿನಲ್ಲಿ ಒಂದು ಬೆರಳು ಅದ್ದಿ ನೆಕ್ಕಿದಳು. ಹೊರಗೆ ನಿಂತಿದ್ದ ಊರಿಗೆ ಕೂಗಿ ಹೇಳಿದಳು, “ನಂದು ಬರೋಬರಿ ಐತಿ. ಚಂಪಾವತಿ ಸಪ್ಪಗದಾಳ.” ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ, ಎತ್ತು ಬಿಚ್ಚಲು ಹೋದ. ಟ್ರಂಕನ್ನು ಒಬ್ಬನೇ ಎತ್ತಿ ಒಳಗೆ ತಂದಿಟ್ಟ. ವಾರ ಕಳೆದು ನರ್ಸಬಾಯಿ ಬಂದಾಗ ಕಾಲು ಒತ್ತಿ ನೋಡಿದಳು. ಕುಳಿ ಬಿದ್ದು, ನೋಡನೋಡುತ್ತಲೇ ತುಂಬಿಕೊಂಡಿತು. ಇನ್ನು ಹೆದರಿಕೆಯಿಲ್ಲ, ಇದೇ ಉಪ್ಪು ನಡೆಸಿ ಎಂದಳು.

ಆದರೆ ಅದೆಲ್ಲ ಆಮೇಲೆ. ಅವತ್ತು ಊರು ಚದುರಿದ ಮೇಲೆ ಅವ್ವ ಊಟಕ್ಕೆ ಕೂತಳು. ಖಾರ, ಹುಳಿ, ಉಪ್ಪು ಮೂರೂ ಮೂಗಿಗೆ ಏರಬೇಕು ಎನ್ನುವ ನಾಲಿಗೆ ಅವಳದು. ನಮ್ಮ ಮನೆಯಲ್ಲಿ ಇರುವುದು ಒಂದೇ ಒಲೆ, ಒಂದೇ ಗಡಿಗೆ; ಸೊಸೆಗೆ ಅರ್ಧವೆಂದರೆ ಅತ್ತೆಗೂ ಅರ್ಧವೇ. ಇವತ್ತಲ್ಲ ನಾಳೆ ಬೇಸತ್ತು ಅವಳೇ ಹೋಗಿ ಮೊದಲಿನಂತೆ ಬರೆಯಿರಿ ಎಂದರೆ ಮಾಸ್ತರರು ಬರೆದುಕೊಡುತ್ತಾರೆ. ಅಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಒಳಗೋಣೆಯ ಕತ್ತಲಿನಿಂದ ನೋಡುತ್ತಿದ್ದೆ. ವೈನಿ ಒಲೆಯ ಮುಂದೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

ಅವ್ವ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟಳು. ಮುಖ ಕಿವುಚಿದಳು. ಅಗಿದಳು. ನುಂಗಿದಳು. ಇನ್ನೊಂದು ತುತ್ತು ತಿಂದಳು, ಮತ್ತೆ ಮುಖ ಕಿವುಚಿದಳು. ಆ ರೊಟ್ಟಿ ಮುಗಿಯಿತು.

“ಸಪ್ಪಗೈತಿ,” ಎಂದಳು. ತಾಟನ್ನು ಒಲೆಯ ಕಡೆ ಸರಿಸಿದಳು. “ಇನ್ನೊಂದು ಹಾಕ, ಚಂಪಾವತಿ.”

ವೈನಿ ಮದುವೆಯಾಗಿ ಬಂದ ಒಂದೂವರೆ ವರ್ಷದಲ್ಲಿ ಅವ್ವ ಸೊಸೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿ.